ಬೀಡಿ ಕಟ್ಟುವ ಕೈ ಬಿಗಿದಾಗ

ಅವಳ ಕೈ ಬಿಗಿಯುವುದು ನನ್ನ ಕಣ್ಣಿಗೆ ಬಿದ್ದದ್ದು ನನ್ನ ಬಿ.ಪಿ. ಯಂತ್ರ ಕೆಟ್ಟಿದ್ದರಿಂದ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದ್ದೆ. ಗಾಳಿ ಬಿಡುವ ತಿರುಪು ಸಿಕ್ಕಿಹಾಕಿಕೊಂಡು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಸೆರಗಿನ ತುದಿಯಲ್ಲಿ ಹಿಡಿದು ತಿರುವಿದೆ, ಹಲ್ಲಿನಿಂದ ಕಚ್ಚಿ ನೋಡಿದೆ. ಎರಡು ಮೂರು ನಿಮಿಷ ಆ ತಿರುಪಿನ ಜೊತೆಗೇ ಗುದ್ದಾಡಿದೆ. ಕೊನೆಗೆ ಸಿಟ್ಟಿನಿಂದ ರಬ್ಬರ್ ನಳಿಕೆಯನ್ನೇ ಕಿತ್ತು ತೆಗೆಯಲು ಹೋದಾಗ ಅವಳ ಅಂಗೈ ಕಂಡಿತು.

ಮಣಿಕಟ್ಟು ಬಾಗಿತ್ತು. ನಾಲ್ಕು ಬೆರಳುಗಳು ನೆಟ್ಟಗೆ, ಒಂದಕ್ಕೊಂದು ಅಂಟಿಕೊಂಡಿದ್ದವು. ಹೆಬ್ಬೆರಳು ಒಳಗೆ ಮಡಚಿ ಅಂಗೈಗೆ ಒತ್ತಿಕೊಂಡಿತ್ತು. ನನಗೆ ಗುರುತಿದ್ದ ಆಕಾರ ಅದು. ಹೆರಿಗೆಯ ಹೊತ್ತಿನಲ್ಲಿ ಒಳಗೆ ಪರೀಕ್ಷೆ ಮಾಡುವ ಮುನ್ನ ನಾನೇ ನನ್ನ ಕೈಯನ್ನು ಹಾಗೆ ಜೋಡಿಸುತ್ತಿದ್ದೆ. ಆದರೆ ಅವಳು ಜೋಡಿಸಿರಲಿಲ್ಲ, ಅದು ತಾನಾಗಿಯೇ ಜೋಡಿಸಿಕೊಂಡಿತ್ತು.

ನಳಿಕೆ ಕಿತ್ತೆ. ಗಾಳಿ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಬೆರಳುಗಳು ಮೆಲ್ಲಗೆ ಬಿಚ್ಚಿಕೊಂಡವು.

“ಹಿಂಗ ಆಗಾಗ ಬಿಗೀತಾವ್ರಿ ಅಕ್ಕಾರ,” ಎಂದಳು ಅವಳು, ಇದರಲ್ಲಿ ಹೊಸದೇನೂ ಇಲ್ಲ ಎನ್ನುವ ಹಾಗೆ. “ಬೀಡಿಗಿ ದಾರಾ ಸುತ್ತೂಮುಂದ ಭಾಳ. ಒಮ್ಮೊಮ್ಮೆ ತುಟಿ ಸುತ್ತ ಇರುವಿ ಹರದಾಂಗ ಆಗ್ತೈತಿ.”

ಎಂಬತ್ತರ ದಶಕದ ಕೊನೆಯ ಭಾಗ ಅದು. ಸದಲಗಾದಿಂದ ನಿಪ್ಪಾಣಿಗೆ ಹೋಗುವ ದಾರಿಯ ಒಂದು ಊರಿನ ಉಪಕೇಂದ್ರದಲ್ಲಿ ನಾನು ನರ್ಸ್. ಗುರುವಾರ ಬಸುರಿಯರ ತಪಾಸಣೆ. ಈ ಹೆಣ್ಣುಮಗಳಿಗೆ ಏಳು ತಿಂಗಳು ತುಂಬಿತ್ತು, ಎರಡನೆಯ ಬಸಿರು. ಅತ್ತೆಯ ಜೊತೆ ಬಂದಿದ್ದಳು. ಬಾಗಿಲಿನಿಂದ ನನ್ನ ಟೇಬಲ್ಲಿನವರೆಗಿನ ಹತ್ತು ಹೆಜ್ಜೆಗೆ ಗೋಡೆ ಹಿಡಿದು, ಆ ಕಡೆ ಈ ಕಡೆ ಓಲಾಡಿಕೊಂಡು ಬಂದಿದ್ದಳು. ಬಸುರಿಯ ನಡಿಗೆ ಭಾರವಾಗುವುದು ಸಹಜ, ಆದರೆ ಇದು ಅದಲ್ಲ ಅನ್ನಿಸಿತು.

“ತೊಡಿ, ಸೊಂಟ ನೋವು ಅಂತಾಳ್ರಿ ಬಾಯಾರ,” ಎಂದಳು ಅತ್ತೆ. “ನೆಲಕ್ಕ ಕುಂತ್ರ ಏಳಾಕ ಬರಾಂಗಿಲ್ಲ. ನಾನೂ ಐದು ಹಡದೀನಿ, ನನಗ ಹಿಂಗ ಆಗಿದ್ದಿಲ್ಲ. ಕೆಲಸಕ್ಕ ಬ್ಯಾಸತ್ತಾಳ ಅಂತ ನಾ ತಿಳಕೊಂಡಿದ್ದೆ.”

ತಿರುಪಿಗೆ ಎಣ್ಣೆ ಬಿಟ್ಟು ಸಡಿಲಿಸಿ, ನಳಿಕೆ ಮತ್ತೆ ಜೋಡಿಸಿ ಇನ್ನೊಂದು ತೋಳಿನಲ್ಲಿ ನೋಡಿದೆ. ಬಿ.ಪಿ. ನೂರಾ ಹತ್ತು. ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಕಾಯಿಸಿ ನೋಡಿದೆ, ಬಿಳಿ ಕಟ್ಟಲಿಲ್ಲ. ಅಂದರೆ ನಾವು ಹೆದರುವ, ಬಿ.ಪಿ. ಏರಿ ಫಿಟ್ಸ್ ತರುವ ಬಸುರಿನಂಜು ಅಲ್ಲ. ಹಾಗಾದರೆ ಏನು? ನನ್ನ ತರಬೇತಿಯ ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ತಪಾಸಣೆ ಮುಗಿಸಿದವಳೇ ಬಸ್ಸು ಹಿಡಿದು ನಮ್ಮ ಆರೋಗ್ಯ ಕೇಂದ್ರಕ್ಕೆ ಹೋದೆ.

ಅಲ್ಲಿನ ಡಾಕ್ಟರು ಹಾಸನದ ಕಡೆಯವರು, ಓದು ಮುಗಿಸಿ ಹೆಚ್ಚು ದಿನ ಆಗಿರಲಿಲ್ಲ. ನಮ್ಮ ಮಂದಿಯ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಮರಾಠಿಯಂತೂ ಪೂರ್ತಿ ಕತ್ತಲೆ. ನಾನು ಹೇಳಿದ್ದನ್ನು ಕೇಳಿ, “ಫಿಟ್ಸ್ ಇರಬೇಕು ಸಿಸ್ಟರ್, ಚಿಕ್ಕೋಡಿಗೆ ಕಳಿಸಿಬಿಡಿ,” ಎಂದು ಚೀಟಿ ಬರೆಯಲು ಕೂತರು.

“ಫಿಟ್ಸ್ ಅಲ್ರಿ ಸರ್. ಎಚ್ಚರ ಇದ್ಲು, ನನ್ನ ಜೋಡಿ ಮಾತಾಡಾಕತ್ತಿದ್ಲು. ಕೈ ಹಿಂಗ ಆಗಿತ್ತು,” ಎಂದು ನನ್ನ ಕೈಯನ್ನು ಆ ಆಕಾರಕ್ಕೆ ತಂದು ಅವರ ಮುಖದ ಮುಂದೆ ಹಿಡಿದೆ.

ಅವರ ಪೆನ್ನು ನಿಂತಿತು. ಎದ್ದು ನಿಂತರು. “ಪಟ್ಟಿಗೆ ಎಷ್ಟು ಹೊತ್ತು ಗಾಳಿ ಇತ್ತು?”

“ಎರಡು ಮೂರು ನಿಮಿಷ ಇರಬೇಕ್ರಿ. ತಿರುಪು ಸಿಕ್ಕೊಂಡಿತ್ತು.”

ಅವರು ಕಪಾಟಿನಿಂದ ದಪ್ಪ ಪುಸ್ತಕ ತೆಗೆದರು. ಹಾಳೆ ತಿರುವಿ ಒಂದು ಚಿತ್ರದ ಮೇಲೆ ಬೆರಳಿಟ್ಟರು. ಅದೇ ಕೈ. ರಕ್ತದಲ್ಲಿ ಕ್ಯಾಲ್ಸಿಯಂ ತೀರಾ ಇಳಿದಾಗ ತೋಳು ಬಿಗಿದರೆ ಮೂರು ನಿಮಿಷದೊಳಗೆ ಕೈ ಹೀಗೆ ಸೆಟೆಯುತ್ತದೆ ಎಂದು ಅದರ ಕೆಳಗೆ ಬರೆದಿತ್ತು. ಡಾಕ್ಟರರು ಬೇಕೆಂದು ಮಾಡುವ ಪರೀಕ್ಷೆಯನ್ನು ನನ್ನ ಕೆಟ್ಟ ಯಂತ್ರ ತಾನೇ ಮಾಡಿತ್ತು. ಆಮೇಲೆ ಅವರು, “ನಾನು ಇದನ್ನ ಪುಸ್ತಕದಲ್ಲಿ ಮಾತ್ರ ನೋಡಿರೋದು ಸಿಸ್ಟರ್. ನಾಳೆ ಬೆಳಿಗ್ಗೇನೇ ಬರ್ತೀನಿ,” ಎಂದರು. ಬಸ್ಸಿನಲ್ಲಿ ಮರಳಿ ಬರುವಾಗ ಸೀಟಿನ ಮೇಲೆ ಕೂತಲ್ಲಿ ಕೂರಲಾಗಲಿಲ್ಲ ನನಗೆ.

ಮರುದಿನ ಮೋಟಾರ್ ಸೈಕಲ್ ಮೇಲೆ ಬಂದರು. ಅವಳ ಮನೆಗೇ ಹೋದೆವು. ಉದ್ದನೆಯ, ಕಿಟಕಿಯಿಲ್ಲದ ಒಂದು ಕೋಣೆ. ಬಾಗಿಲ ಸಂದಿಯ ಬೆಳಕಿನಲ್ಲಿ ಅವಳು ಮೊರದ ಮುಂದೆ ಕೂತು ಬೀಡಿ ಕಟ್ಟುತ್ತಿದ್ದಳು. ಎಲೆ ಒಣಗಬಾರದೆಂದು ಒದ್ದೆ ಗೋಣಿತಾಟಿನ ಕೆಳಗೆ ಇಟ್ಟಿದ್ದರು. ಹೊಗೆಸೊಪ್ಪಿನ ಘಾಟಿಗೆ ಡಾಕ್ಟರರು ಮೂರು ಸಲ ಸೀನಿದರು. ಬೆಳಗ್ಗೆ ಏಳಕ್ಕೆ ಕೂತರೆ ಸಂಜೆ ದೀಪ ಹಚ್ಚುವವರೆಗೂ ಅವಳು ಅಲ್ಲೇ. ಮೊದಲ ಮಗಳಿಗೆ ಮೂರು ವರ್ಷ ಮೊಲೆಯುಣಿಸಿದ್ದಳು. ಊಟಕ್ಕೆ ರೊಟ್ಟಿ, ಪುಂಡಿಪಲ್ಯ, ದಿನಕ್ಕೆ ಐದಾರು ಸಲ ಕರಿ ಚಹಾ. ಹಿತ್ತಲಲ್ಲಿ ಎರಡು ಎಮ್ಮೆಗಳಿದ್ದವು. ಹಾಲು ಎಲ್ಲ ಡೇರಿಗೆ.

ಡಾಕ್ಟರರು ತಮ್ಮ ಒಳ್ಳೆಯ ಯಂತ್ರದ ಪಟ್ಟಿ ಕಟ್ಟಿದರು. ನಾನು ಗಡಿಯಾರ ಹಿಡಿದೆ. ಒಂದು ನಿಮಿಷಕ್ಕೆ ಏನೂ ಇಲ್ಲ. ಎರಡನೆಯ ನಿಮಿಷ ತುಂಬುವ ಮೊದಲೇ ಹೆಬ್ಬೆರಳು ನಡುಗಿ ಒಳಗೆ ಸರಿಯಿತು, ಬೆರಳುಗಳು ಕೂಡಿಕೊಂಡವು. ಕಿವಿಯ ಮುಂದೆ ಬೆರಳಿನಿಂದ ತಟ್ಟಿದರು, ತುಟಿಯ ಅಂಚು ಅದುರಿತು. ಮೊಣಕಾಲಿನ ಕೆಳಗಿನ ಎಲುಬನ್ನು ಮೆಲ್ಲಗೆ ಒತ್ತಿದರು. ಅವಳು ಮುಖ ಕಿವುಚಿದಳು.

“ಹೊಟ್ಟೆಯಲ್ಲಿರೋ ಮಗು ತನ್ನ ಮೂಳೆಗೆ ಬೇಕಾದ್ದನ್ನ ಇವರ ಮೂಳೆಯಿಂದ ಎಳ್ಕೊಳ್ತಿದೆ,” ಎಂದರು ನನ್ನ ಕಡೆ ತಿರುಗಿ. “ಬಿಸಿಲೂ ಇಲ್ಲ, ಹಾಲೂ ಇಲ್ಲ. ಮೂಳೆ ಮೆತ್ತಗಾಗಿದೆ. ಅದಕ್ಕೇ ಈ ನಡಿಗೆ.”

ಆದರೆ ಖಾತ್ರಿಗೆ ರಕ್ತ ಪರೀಕ್ಷೆ ಬೇಕು ಎಂದರು. ಅದು ಆಗುವುದು ಕೊಲ್ಹಾಪುರದಲ್ಲಿ. ತೋಳಿಗೆ ಪಟ್ಟಿ ಬಿಗಿಯದೆ ರಕ್ತ ತೆಗೆದೆವು, ಬಾಟಲಿಯನ್ನು ಥರ್ಮಾಸಿನಲ್ಲಿ ಇಟ್ಟು ಸುತ್ತ ಐಸ್‌ಕ್ಯಾಂಡಿ ಚೂರು ತುಂಬಿ ಅವಳ ಗಂಡನ ಕೈಯಲ್ಲಿ ಕಳಿಸಿದೆವು. ನಾಲ್ಕು ದಿನದ ಮೇಲೆ ಚೀಟಿ ಬಂತು. ಬಸ್ಸಿನ ಕುಲುಕಾಟಕ್ಕೆ ರಕ್ತ ಒಡೆದಿದೆ, ಮತ್ತೆ ಕಳಿಸಿ ಎಂದು. ನನಗೆ ಅಳುವೇ ಬಂತು. ಎರಡನೆಯ ಸಲ ರಕ್ತ ತೆಗೆದು ಕಳಿಸಿದೆವು.

ಅಷ್ಟರಲ್ಲಿ ಡಾಕ್ಟರರು ಔಷಧ ಶುರು ಮಾಡಿಸಿದ್ದರು. ಬೆಳಗ್ಗೆ, ಮಧ್ಯಾಹ್ನ ಕ್ಯಾಲ್ಸಿಯಂ ಮಾತ್ರೆ. ಕಬ್ಬಿಣದ ಮಾತ್ರೆ ಅದರ ಜೊತೆ ಬೇಡ, ಮಲಗುವ ಮುಂಚೆ. ಎರಡನ್ನೂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ಮೈಗೆ ಹತ್ತಗೊಡುವುದಿಲ್ಲ. ಜೊತೆಗೆ, “ಯಾವಾಗ ಬೇಕಾದರೂ ಜೋರಾಗಿ ಬರಬಹುದು. ಚುಚ್ಚುಮದ್ದು ಕೈಯಲ್ಲಿರಲಿ,” ಎಂದಿದ್ದರು. ನಮ್ಮ ಕೇಂದ್ರದಲ್ಲಿ ಅದು ಇರಲಿಲ್ಲ. ನಿಪ್ಪಾಣಿಗೆ ಹೋಗಿ ಮೂರು ಅಂಗಡಿ ತಿರುಗಿ ಕ್ಯಾಲ್ಸಿಯಂ ಗ್ಲುಕೋನೇಟಿನ ನಾಲ್ಕು ಗಾಜಿನ ಆಂಪೂಲು ತಂದು, ಅರಳೆಯಲ್ಲಿ ಸುತ್ತಿ ನನ್ನ ಹೆರಿಗೆ ಚೀಲದಲ್ಲಿ ಇಟ್ಟುಕೊಂಡೆ.

ಒಂದು ವಾರದ ಮೇಲೆ ಮನೆಗೆ ಹೋದಾಗ ಮಾತ್ರೆಯ ಪೊಟ್ಟಣ ಗೂಡಿನಲ್ಲಿ ಹಾಗೆಯೇ ಇತ್ತು. ಒಂದೂ ಖರ್ಚಾಗಿರಲಿಲ್ಲ.

“ನಾನs ಬ್ಯಾಡ ಅಂದೀನ್ರಿ ಬಾಯಾರ,” ಎಂದಳು ಅತ್ತೆ, ಮುಚ್ಚುಮರೆ ಇಲ್ಲದೆ. “ಎಲುಬಿನ ಗುಳಗಿ ಅಂತೀರಿ. ಕೂಸಿನ ತಲಿ ಗಟ್ಟಿ ಆಗಿ, ದೊಡ್ಡದಾಗಿ, ಹೊರಗ ಬರದಾಂಗ ಆದ್ರ? ಇಕಿ ಸೊಂಟಾ ನೋಡಿದ್ರ ಮೊದಲs ಹಂಗ ಐತಿ.”

ಅವಳ ಹೆದರಿಕೆ ಕೆಟ್ಟತನದ್ದಲ್ಲ. ಸೊಸೆಗಾಗಿಯೇ ಹೆದರಿದ್ದಳು. ಕ್ಯಾಲ್ಸಿಯಂ ಎಂದರೆ ಸುಣ್ಣದ ಅಂಶ ಎಂದೆ. ಎಲೆಯಡಿಕೆಗೆ ಹಚ್ಚುವ ಸುಣ್ಣ ತಿಂದರೆ ಕರುಳು ಸುಡುವುದಿಲ್ಲವೇ ಎಂದು ಕೇಳಿದಳು. ಅರ್ಧ ಗಂಟೆ ಹೇಳಿದೆ, ಕೇಳಿಸಿಕೊಂಡಳು, ತಲೆ ಅಲ್ಲಾಡಿಸಿದಳು. ಒಪ್ಪಲಿಲ್ಲ ಎಂದು ನನಗೆ ಗೊತ್ತಾಯಿತು.

ಮರುದಿನ ಬೆಳಗ್ಗೆ ಹತ್ತರ ಸುಮಾರಿಗೆ ಅವಳ ಗಂಡ ಓಡುತ್ತ ಉಪಕೇಂದ್ರಕ್ಕೆ ಬಂದ. “ಎರಡೂ ಕೈ, ಎರಡೂ ಕಾಲು ಬಿಗದಾವ್ರಿ. ಉಸರಾಡಾಕ ಬರವಲ್ದು.” ಅವನನ್ನು ಡಾಕ್ಟರರ ಕಡೆ ಸೈಕಲ್ ಮೇಲೆ ಅಟ್ಟಿ ನಾನು ಚೀಲ ಹಿಡಿದು ಓಡಿದೆ.

ಅಂಗಳದಲ್ಲಿ ಓಣಿಯವರೆಲ್ಲ ನೆರೆದಿದ್ದರು. ಯಾರೋ ಜೀಪು ತಂದು ನಿಲ್ಲಿಸಿದ್ದರು. ಕೊಲ್ಹಾಪುರಕ್ಕೆ ಒಯ್ಯುವ ಮಾತು ನಡೆದಿತ್ತು. ಅವಳು ಚಾಪೆಯ ಮೇಲೆ ಗೋಡೆಗೆ ಒರಗಿದ್ದಳು. ಎರಡೂ ಕೈಗಳು ಎದೆಯ ಹತ್ತಿರ ಆ ಆಕಾರದಲ್ಲಿ ಸೆಟೆದಿದ್ದವು, ಪಾದಗಳು ಕೆಳಗೆ ಬಾಗಿ ಕಮಾನಾಗಿದ್ದವು. ಉಸಿರು ಎಳೆದಾಗ ಗಂಟಲಲ್ಲಿ ಕೀರಲು ಸದ್ದು. ಆದರೆ ಕಣ್ಣು ತೆರೆದಿತ್ತು. ನನ್ನನ್ನೇ ನೋಡುತ್ತಿದ್ದಳು.

“ನಿನ್ನ ಹೆಸರೇನವಾ?” ಎಂದು ಬೇಕೆಂದೇ ಕೇಳಿದೆ. ತುಟಿ ಬಿಗಿದಿದ್ದರೂ ಹೆಸರು ಹೇಳಿದಳು. ಆಮೇಲೆ ತವರಿನ ಮರಾಠಿಯಲ್ಲಿ, “ಹಾತ್ ಪಾಯ್ ವಳತಾತ್,” ಎಂದಳು. ಕೈಕಾಲು ತಿರುಚುತ್ತಿವೆ ಎಂದು. ಎಚ್ಚರ ಇದೆ, ಅಷ್ಟು ಸಾಕು ನನಗೆ. ಮೆಲ್ಲಗೆ ಉಸಿರು ಬಿಡು, ಗಾಬರಿಯಿಂದ ಎಳೆದಷ್ಟೂ ಬಿಗಿಯುತ್ತದೆ ಎಂದು ಹೇಳುತ್ತ ಬಿ.ಪಿ. ನೋಡಿದೆ. ನೂರಾ ಹದಿನೈದು. ಅಂದು ಬೆಳಗಿನ ಮೂತ್ರವನ್ನು ತಂಬಿಗೆಯಲ್ಲಿ ಇಡಲು ಹಿಂದಿನ ದಿನವೇ ಹೇಳಿದ್ದೆ. ಅವರ ಒಲೆಯ ಮೇಲೆಯೇ ಕಾಯಿಸಿದೆ, ತಿಳಿಯಾಗಿತ್ತು.

ಡಾಕ್ಟರರು ಬಂದಾಗ ಹೆಲ್ಮೆಟ್ಟನ್ನೂ ತೆಗೆಯದೆ ಒಳಗೆ ನುಗ್ಗಿದರು. ಅವಳನ್ನು ನೋಡಿದರು, ಹೊರಗಿನ ಜೀಪು ನೋಡಿದರು.

“ಎರಡನೇ ರಿಪೋರ್ಟ್ ಬಂದಿಲ್ಲ ಸಿಸ್ಟರ್,” ಎಂದರು ಸಣ್ಣ ದನಿಯಲ್ಲಿ. “ನಮ್ಮ ಲೆಕ್ಕ ತಪ್ಪಿದ್ರೆ ಕ್ಯಾಲ್ಸಿಯಂ ನರಕ್ಕೆ ಕೊಡೋದು ಆಟ ಅಲ್ಲ. ಬೇಗ ಹೋದ್ರೆ ಹೃದಯ ನಿಂತು ಹೋಗತ್ತೆ. ನಿದ್ದೆ ಔಷಧಿ ಕೊಟ್ಟು ಕಳಿಸೋಣ್ವಾ?”

“ರಿಪೋರ್ಟು ಆಕಿ ಕೈಯಾಗs ಐತಲ್ರಿ ಸರ್,” ಎಂದೆ. ಹೇಗೆ ಬಾಯಿಗೆ ಬಂತೋ. “ಎಚ್ಚರ ಅದಾಳ. ಬಿ.ಪಿ. ಚಲೋ ಐತಿ. ಮೂತ್ರ ತಿಳಿ ಐತಿ. ಕೊಲ್ಹಾಪುರ ಮುಟ್ಟುತನಕ ಆ ಗಂಟಲ ತಡೀತೈತೇನ್ರಿ?”

ಅವರು ಆ ಕೀರಲು ಉಸಿರನ್ನು ಎರಡು ಸಲ ಕೇಳಿದರು. ಹೆಲ್ಮೆಟ್ ತೆಗೆದು ಮೂಲೆಗೆ ಇಟ್ಟರು. “ಆಂಪೂಲ್ ಕೊಡಿ,” ಎಂದರು.

ಆಂಪೂಲನ್ನು ಅಂಗೈಗಳ ನಡುವೆ ಉಜ್ಜಿ ಮೈಬಿಸಿ ಮಾಡಿದೆ. ಮಣಿಕಟ್ಟು ಬಾಗಿದ್ದರಿಂದ ಅಲ್ಲಿ ನರ ಸಿಗುವಂತಿರಲಿಲ್ಲ. ಮೊಣಕೈಯ ಮಡಿಕೆಯಲ್ಲಿ ಹುಡುಕಿದರು. ಮೊದಲ ಸಲ ತಪ್ಪಿತು. ಎರಡನೆಯ ಸಲ ಸೂಜಿಯಲ್ಲಿ ರಕ್ತ ಕಂಡಿತು. ನರದ ಹೊರಗೆ ಒಂದು ಹನಿ ಸೋರಿದರೂ ಚರ್ಮ ಸುಟ್ಟು ಹುಣ್ಣಾಗುತ್ತದೆ ಎಂದು ಹೇಳಿ, ಅತ್ತೆಯ ಕೈಗೆ ಅವಳ ತೋಳು ಕೊಟ್ಟು, ಅಲುಗಾಡದಂತೆ ಹಿಡಿಯಲು ಹೇಳಿದರು. ಸ್ಟೆತಾಸ್ಕೋಪು ನನ್ನ ಕಿವಿಯಲ್ಲಿ, ಅದರ ಇನ್ನೊಂದು ತುದಿ ಅವಳ ಎದೆಯ ಮೇಲೆ. ಸಿರಿಂಜಿನಲ್ಲಿ ಹತ್ತು ಮಿಲಿ. ನಿಮಿಷಕ್ಕೆ ಒಂದು ಗೆರೆಯಷ್ಟೇ ಒತ್ತಬೇಕು.

“ಬಡಿತ ಹೇಳ್ತಾ ಇರಿ.”

“ನೂರಾ ಎಂಟ್ರಿ.”

ಒಂದು ಗೆರೆ.

“ನೂರಾ ನಾಕು.”

ಎರಡನೆಯ ಗೆರೆ. ಅಂಗಳದ ಗದ್ದಲ ಎಲ್ಲೋ ದೂರ ಹೋಯಿತು. ನನ್ನ ಕಿವಿಯಲ್ಲಿ ಅವಳ ಎದೆಬಡಿತ ಒಂದೇ. ನಾಲ್ಕನೆಯ ಗೆರೆಗೆ ಬಡಿತ ಒಮ್ಮೆಲೇ ಎಂಬತ್ತಕ್ಕೆ ಇಳಿಯಿತು. “ನಿಲ್ಲಸ್ರಿ,” ಎಂದೆ. ನಿಲ್ಲಿಸಿದರು. ಮೂವರೂ ಕಾದೆವು. ಎಂಬತ್ತೆರಡು, ಎಂಬತ್ತಾರು. ಮತ್ತೆ ಶುರು.

“ಮೈಯೆಲ್ಲಾ ಬಿಸಿ ಆತ್ರಿ,” ಎಂದಳು ಅವಳು. ಮಾತು ಸ್ಪಷ್ಟವಾಗಿತ್ತು. ಗಂಟಲಿನ ಸದ್ದು ಯಾವಾಗ ನಿಂತಿತೋ ನಾವು ಗಮನಿಸಿರಲಿಲ್ಲ. ಏಳನೆಯ ಗೆರೆಯ ಹೊತ್ತಿಗೆ ಕಿರುಬೆರಳು ಸಡಿಲಾಯಿತು. ಆಮೇಲೆ ಅದರ ಪಕ್ಕದ್ದು. ಹೆಬ್ಬೆರಳು ಅಂಗೈಯಿಂದ ಎದ್ದು ಹೊರಗೆ ಬಂತು. ಹತ್ತನೆಯ ಗೆರೆ ಮುಗಿದು ಸೂಜಿ ತೆಗೆದಾಗ ಅವಳು ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದು, ಬೆರಳು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ನೋಡಿಕೊಂಡಳು.

ಡಾಕ್ಟರರು ನೆಲದ ಮೇಲೆ ಹಾಗೆಯೇ ಕೂತುಬಿಟ್ಟರು. ಆಗ ಅತ್ತೆ ಮಾತಾಡಿದಳು.

“ನಮ್ಮ ಎಮ್ಮಿಗಿ ಆಗಿತ್ತಲ್ರಿ ಹಿಂಗ.”

ನಾನು ಅವಳ ಮುಖ ನೋಡಿದೆ.

“ಹೋದ ವರ್ಷ ಈದ ಮರದಿನ ಕುತಗಿ ತಿರುವಿ ಮಕ್ಕೊಂಬಿಡ್ತು. ಸಾಯ್ತೈತಿ ಅಂತ ಎಲ್ಲಾರೂ ಕೈ ಬಿಟ್ಟಿದ್ರು. ದನದ ಡಾಕ್ಟರ್ ಬಂದು ನರಕ್ಕ ಬಾಟ್ಲಿ ಹಚ್ಚಿದ. ಅರ್ಧಾ ತಾಸಿನ್ಯಾಗ ಎದ್ದು ನಿಂತು ಸಗಣಿ ಹಾಕ್ತು. ಹಾಲಿನ್ಯಾಗ ಅದರ ಎಲುಬಿನ ಸತ್ವ ಎಲ್ಲಾ ಹೋಗೇತಿ ಅಂದಿದ್ದ ಆಂವ.” ಸ್ವಲ್ಪ ತಡೆದು ಕೇಳಿದಳು: “ಇದು ಅದs ಏನ್ರಿ?”

“ಅದs ಐತ್ರಿ,” ಎಂದೆ. ನಾನು ಅರ್ಧ ಗಂಟೆಯಲ್ಲಿ ಹೇಳಲಾಗದ್ದನ್ನು ಅವಳು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದಳು.

ಡಾಕ್ಟರರಿಗೆ ಈ ಮಾತು ಪೂರ್ತಿ ತಿಳಿದಿರಲಿಲ್ಲ. ಬಿಡಿಸಿ ಹೇಳಿದೆ. ಅವರು ನಗತೊಡಗಿದರು, ಸೊಸೆಯೂ ನಕ್ಕಳು. ಅತ್ತೆ ಮಾತ್ರ ನಗಲಿಲ್ಲ. ಎದ್ದು ಹೋಗಿ ಗೂಡಿನಿಂದ ಮಾತ್ರೆಯ ಪೊಟ್ಟಣ ತಂದು ಯಾವುದು ಯಾವಾಗ ಎಂದು ನನ್ನಿಂದ ಮೂರು ಸಲ ಹೇಳಿಸಿದಳು. “ಎಮ್ಮಿ ಜೀವಾ ಉಳಸಾಕ ರಾತ್ರಿ ಹಗಲ ಕುಂತಿದ್ದೆ. ಇಕಿ ನೋವು ಅಂದ್ರ ಸೋಗು ಅಂದ್ನಿ,” ಎಂದಳು, ಯಾರಿಗೆಂದಿಲ್ಲದೆ.

ಎರಡನೆಯ ವರದಿ ಬಂದದ್ದು ಮೂರು ದಿನದ ಮೇಲೆ. ನಾವು ಅಂದುಕೊಂಡದ್ದಕ್ಕಿಂತ ಕೆಳಗಿತ್ತು. ಡಾಕ್ಟರರು ಡಿ ಜೀವಸತ್ವವನ್ನೂ ಸೇರಿಸಿದರು. ನಿಜವಾದ ದುಡಿಮೆ ಆಮೇಲೆ ಶುರುವಾಯಿತು. ಬೀಡಿ ಕಟ್ಟುವವಳನ್ನು ಬಿಸಿಲಿಗೆ ಕೂರಿಸುವುದು ಹೇಗೆ? ಮೊದಲ ದಿನ ಮೊರ ಹಿಡಿದು ಅಂಗಳಕ್ಕೆ ಬಂದಳು, ಒಂದು ತಾಸಿನಲ್ಲಿ ಎಲೆಯೆಲ್ಲ ಒಣಗಿ ಸೀಳಿ ಹೋದವು. ಸೀಳಿದ ಎಲೆಯ ಬೀಡಿಯನ್ನು, ಬೀಡಿ ಎಣಿಸಿಕೊಂಡು ಕೂಲಿ ಕೊಡುವ ಮುಕಾದಮ ವಾಪಸು ಎಸೆದ. ಎರಡನೆಯ ದಿನ ಅವಳು ಹೊರಗೆ ಬರಲು ಒಪ್ಪಲಿಲ್ಲ. ಉಪಾಯ ಹುಡುಕಿದವಳು ಅತ್ತೆಯೇ. ಹೊಸ್ತಿಲಿನ ಮೇಲೆ ಸೊಸೆಯನ್ನು ಕೂರಿಸಿದಳು. ಬೆನ್ನು, ಕಾಲು, ತೋಳು ಬಿಸಿಲಿಗೆ. ಮೊರ ಮತ್ತು ಒದ್ದೆ ಗೋಣಿ ಬಾಗಿಲ ಒಳಗೆ, ನೆರಳಿಗೆ. ಬೆಳಗಿನ ಎರಡು ತಾಸು ಹಾಗೆ. ಬಾಗಿಲು ದಾಟಬೇಕಾದವರು ಹಿತ್ತಲಿನಿಂದ ಬರಬೇಕಾಯಿತು. ಡೇರಿಗೆ ಹಾಲು ಅಳೆಯುವ ಮೊದಲು ಒಂದು ಚರಿಗೆ ಸೊಸೆಗೆ ತೆಗೆದಿಡುವುದು ಶುರುವಾಯಿತು. ಅಲಖನೂರಿನ ನನ್ನ ತವರಿನಿಂದ ಎಳ್ಳು ತರಿಸಿ ಕೊಟ್ಟೆ. ಅತ್ತೆ ಅದನ್ನು ಹುರಿದು ಚಟ್ನಿಪುಡಿ ಮಾಡಿ ರೊಟ್ಟಿಯ ಮೇಲೆ ತಾನೇ ಸುರಿಯುತ್ತಿದ್ದಳು.

ಒಂದು ಗುರುವಾರ ತಪಾಸಣೆಗೆ ಹೋಗುತ್ತೇನೆ, ಉಪಕೇಂದ್ರದ ಬಾಗಿಲಲ್ಲಿ ಅವರ ಓಣಿಯ ನಾಲ್ವರು ಬಸುರಿಯರು. ಎಲ್ಲರೂ ಬೀಡಿ ಕಟ್ಟುವವರೇ. ಅತ್ತೆ ಕರೆತಂದಿದ್ದಳು. “ಇವರ ಕೈಗೂ ಪಟ್ಟಿ ಕಟ್ಟಿ ನೋಡ್ರಿ,” ಎಂದಳು. ಕಟ್ಟಿದೆ. ಒಬ್ಬಳ ಹೆಬ್ಬೆರಳು ಒಳಗೆ ಸರಿಯಿತು. ಆಕೆ ತನಗೆ ಏನೂ ತೊಂದರೆ ಇಲ್ಲವೆಂದೇ ಹೇಳುತ್ತಿದ್ದಳು. ಆ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಉಮೇದಿ. ಸಂಜೆಯವರೆಗೆ ಡಾಕ್ಟರರಿಗಾಗಿ ಹೆಸರು, ತಿಂಗಳು, ಲಕ್ಷಣ ಬರೆದು ಹಾಳೆ ತುಂಬಿಸಿದೆ.

ಆದರೆ ಡಾಕ್ಟರರ ಮನಸ್ಸಿನಲ್ಲಿ ಇನ್ನೊಂದು ಚಿಂತೆ ಇತ್ತು. ಮೆತ್ತಗಾದ ಎಲುಬಿನ ಮೇಲೆ ಮೈಭಾರ ಬಿದ್ದು ಸೊಂಟದ ಗೂಡು ಒಳಗೆ ಸರಿದಿದ್ದರೆ ಕೂಸಿನ ತಲೆಗೆ ದಾರಿ ಸಾಲುವುದಿಲ್ಲ. ಹೆರಿಗೆಯ ನೋವಿನಲ್ಲಿ ಕೈಕಾಲು ಮತ್ತೆ ಬಿಗಿದರೆ ಎರಡು ಕಷ್ಟ ಒಟ್ಟಿಗೆ. ಮನೆಯಲ್ಲಿ ಬೇಡವೇ ಬೇಡ ಎಂದರು. ಒಂಬತ್ತು ತುಂಬುವ ಮೊದಲೇ ಚಿಕ್ಕೋಡಿಯ ದೊಡ್ಡ ದವಾಖಾನೆಗೆ ಸೇರಿಸಿದೆವು. ಅಲ್ಲಿಯ ಲೇಡಿ ಡಾಕ್ಟರರು ಒಳಗೆ ಪರೀಕ್ಷೆ ಮಾಡಿ, “ಇಕ್ಕಟ್ಟು ಐತಿ, ಆದ್ರ ದಾರಿ ಮುಚ್ಚಿಲ್ಲ. ನೋವು ಬರಲಿ, ನೋಡೂನು. ಆಗಲಿಲ್ಲಂದ್ರ ಕೊಯ್ಯೂನು,” ಎಂದರು. ರಜೆ ಹಾಕಿ ನಾನೂ ಹೋದೆ.

ನಸುಕಿಗೆ ನೋವು ಶುರುವಾಯಿತು. ಎರಡೆರಡು ತಾಸಿಗೆ ಕೂಸಿನ ತಲೆ ಎಷ್ಟು ಇಳಿದಿದೆ ನೋಡುವುದು, ಪ್ರತಿ ನೋವಿನ ನಂತರ ಅವಳ ಕೈ ನೋಡುವುದು, ಇದು ನನ್ನ ಕೆಲಸ. ಸಿರಿಂಜು ತುಂಬಿ ಟ್ರೇಯಲ್ಲಿ ಇಟ್ಟಿದ್ದೆವು. ಹತ್ತು ಗಂಟೆಗೆ ತಲೆ ಇದ್ದಲ್ಲೇ ಇತ್ತು. ಲೇಡಿ ಡಾಕ್ಟರರು ಥಿಯೇಟರ್ ಸಿದ್ಧ ಮಾಡಲು ಹೇಳಿದರು. ಅವಳನ್ನು ಎಡಮಗ್ಗುಲಿಗೆ ತಿರುಗಿಸಿ, ಆಮೇಲೆ ಎಬ್ಬಿಸಿ ನಡೆಸಿದೆ. ವರಾಂಡದಲ್ಲಿ ನನ್ನ ಹೆಗಲು ಹಿಡಿದು ನಡೆದಳು, ನೋವು ಬಂದಾಗ ನಿಂತಳು, ಮತ್ತೆ ನಡೆದಳು. ಹನ್ನೊಂದೂವರೆಗೆ ನೋಡಿದಾಗ ತಲೆ ತಿರುಗಿ ಕೆಳಗೆ ಇಳಿದಿತ್ತು. ಲೇಡಿ ಡಾಕ್ಟರರು ನನ್ನ ಮುಖ ನೋಡಿ, “ಥಿಯೇಟರ್ ಸದ್ಯ ಬ್ಯಾಡ,” ಎಂದರು. ನನಗೆ ಜೋರಾಗಿ ನಗಬೇಕೆನಿಸಿತು, ತಡೆದುಕೊಂಡೆ.

ಮಧ್ಯಾಹ್ನ ಒಂದರ ಹೊತ್ತಿಗೆ ಕೂಸು ಹುಟ್ಟಿತು. ಕೂಡಲೇ ಅತ್ತಿತು. ಸಿರಿಂಜು ಟ್ರೇಯಲ್ಲಿ ತುಂಬಿದ್ದು ತುಂಬಿದ ಹಾಗೆಯೇ ಇತ್ತು. ತಾಯಿಯಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ ಕೂಸಿಗೂ ನಡುಕ ಬರಬಹುದು, ಮೂರು ದಿನ ಕಣ್ಣಿಡಬೇಕು, ಮೊಲೆಯುಣಿಸುವವರೆಗೂ ತಾಯಿ ಮಾತ್ರೆ ನಿಲ್ಲಿಸಬಾರದು ಎಂದರು ಲೇಡಿ ಡಾಕ್ಟರರು. ಮೂರು ದಿನ ಕಣ್ಣಿಟ್ಟೆವು, ನಡುಕ ಬರಲಿಲ್ಲ. ಆದರೆ ನಾನು ಹೇಳಬೇಕಾದದ್ದು ಕೂಸು ಹುಟ್ಟಿದ ಆ ಮೊದಲ ಹತ್ತು ನಿಮಿಷದ ಮಾತು.

ಕೈ ತೊಳೆದು ಹೊರಗೆ ಬಂದೆ. ಅತ್ತೆ ಬಾಗಿಲಿಗೇ ನಿಂತಿದ್ದಳು. ಅಷ್ಟು ವರ್ಷ ಹೆರಿಗೆ ಮಾಡಿಸಿದ ನನಗೆ ಬಾಗಿಲಲ್ಲಿ ನಿಂತವರ ಮೊದಲ ಪ್ರಶ್ನೆ ಯಾವುದು ಎಂದು ಗೊತ್ತು. ಉತ್ತರ ಹೇಳಲು ಬಾಯಿ ತೆರೆದಿದ್ದೆ.

“ಕೈ ಬಿಗದಾವೇನ್ರಿ?” ಎಂದು ಕೇಳಿದಳು.

“ಇಲ್ರಿ. ಎರಡೂ ಕೈಲೆ ಕೂಸಿನ್ನ ಹಿಡಕೊಂಡಾಳ.”

ಅವಳು ಗೋಡೆಗೆ ಒರಗಿ ನೆಲಕ್ಕೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಬಹಳ ಹೊತ್ತಿನ ಮೇಲೆ ತಲೆಯೆತ್ತಿ ಕೇಳಿದಳು:

“ಏನ್ ಕೂಸ್ರಿ?”